ಹೊಟ್ಟೆ ಸೀಳಿದ ವಿದುರ

ಗೌರಿಬಿದನೂರಿನಲ್ಲಿ ನನ್ನ ತಂಗಿಯ ಮದುವೆ ನಡೆದ ಹಳೇ ಛತ್ರಕ್ಕೆ ವಿದುರನ ಹೆಸರು. ವಿದುರಾಶ್ವತ್ಥದಲ್ಲಿ ಅರಳಿಮರ ನೆಟ್ಟನಲ್ಲ, ಮಹಾಭಾರತದ ಅದೇ ವಿದುರ. ಮದುವೆಗೆಂದು ಬಾಗಿಲ ಮೇಲೆ ಹೆಸರನ್ನು ಹೊಸದಾಗಿ ಬರೆದವನು ದಕಾರದ ಹೊಟ್ಟೆ ಸೀಳಿ 'ವಿಧುರ ಛತ್ರ' ಮಾಡಿಟ್ಟಿದ್ದ.

ಗಂಡಿನ ಸೋದರತ್ತೆ ಹೊರಗೇ ನಿಂತರು. "ಹೆಂಡ್ತಿ ಸತ್ತೋನು ಅಂತ ಬಾಗಿಲಲ್ಲೇ ಬರೆಸಿದೀರಲ್ಲಮ್ಮ. ನಾವು ವಾಪಸ್ ಹೋಗ್ತೀವಿ."

"ಅದು ವಿದುರ ಕಣ್ರಮ್ಮ. ಕೌರವರ ಸಭೇಲಿ ನಿಜ ಹೇಳ್ತಿದ್ದೋನು ಅವನೊಬ್ಬನೇ."

"ನಿಜ ಹೇಳೋಕೆ ಇದೇನು ಸಭೇನಾ? ಮೊದಲು ಅಳಿಸು."

ಕಂಕುಳಲ್ಲಿದ್ದ ನನ್ನ ಮಗುವನ್ನು ಆಕೆಯ ಕೈಗೇ ಕೊಟ್ಟು, ಸ್ಟೂಲು ಹತ್ತಿ ಆ ಸೀಳಿಗೆ ಸುಣ್ಣ ಮೆತ್ತಿದೆ. ಬೀಗರು ಒಳಗೆ ಬಂದರು.

ಗಂಡಿನ ಮೊದಲ ಹೆಂಡತಿ ತೀರಿಕೊಂಡಿದ್ದಳು. ಅದು ಗೊತ್ತಿದ್ದೇ ತಂಗಿಯನ್ನು ಕೊಟ್ಟಿದ್ದೆವು. ಬಾಗಿಲ ಮೇಲೆ ತಪ್ಪಿದ್ದದ್ದು ಕಾಗುಣಿತ ಮಾತ್ರ.