ಶನಿಯನ್ನು ನೋಡುವ ಮಿಷನ್ನಿಗೆ ನಾನು ಮಾಡಿದ ಪೂಜೆ

ನನ್ನ ಭಾವ, ಅಂದರೆ ಅಕ್ಕನ ಗಂಡ, ಚನ್ನಪಟ್ಟಣದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ನಾನು ಹೈಸ್ಕೂಲು ಮುಗಿಸಿ ರಾಮನಗರದಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟವನು. ರೇಷ್ಮೆ ನೂಲು ತೆಗೆಯುವ ಮಿಷನ್ನುಗಳ ಮೋಟಾರುಗಳು ಸುಟ್ಟುಹೋದರೆ ನನ್ನ ಅಂಗಡಿಗೆ ಬರುತ್ತಿದ್ದವು. ನೆಂಟರು ಸೇರಿದ ಕಡೆಯೆಲ್ಲ ಭಾವ ನನ್ನ ಹೆಗಲ ಮೇಲೆ ಕೈಯಿಟ್ಟು, "ಇವನು ಮುಟ್ಟಿದ ಮಿಷನ್ನು ಕೆಟ್ಟಿದ್ದು ನಾನು ನೋಡಿಲ್ಲ" ಎನ್ನುತ್ತಿದ್ದರು. ಓದಿದವರ ಬಾಯಲ್ಲಿ ಬಂದ ಆ ಮಾತು ನನಗೆ ತುಂಬ ದೊಡ್ಡದಾಗಿತ್ತು. ಅದನ್ನು ಉಳಿಸಿಕೊಳ್ಳಲು ನಾನು ಮಾಡಿದ ಕೆಲಸವನ್ನು ಈಗ ಬರೆಯುತ್ತಿದ್ದೇನೆ.

ಭಾವನಿಗೆ ಸಕ್ಕರೆ ಕಾಯಿಲೆ. ಅದರಿಂದಲೇ ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿನ ಹಿಂದೆಯೂ ರಕ್ತನಾಳಗಳು ಸೋರಲು ಶುರುವಾಗಿವೆ, ಇದು ಎಷ್ಟು ದಿನ ಉಳಿಯುತ್ತದೋ ಹೇಳಲಾಗದು ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು. ಆಸ್ಪತ್ರೆಯಿಂದ ಬಂದ ಭಾವ ಯಾರನ್ನೂ ಕೇಳದೆ ಒಂದು ದೂರದರ್ಶಕ ತರಿಸಿದರು. ಮೂವತ್ತು ವರ್ಷ ಮಕ್ಕಳಿಗೆ ಶನಿಗ್ರಹದ ಬಳೆಯನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದರಂತೆ. ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲವಂತೆ. ಕಣ್ಣು ಹೋಗುವುದರೊಳಗೆ ಅದೊಂದನ್ನು ನೋಡಬೇಕು ಎಂದು ಹಟ ಹಿಡಿದಿದ್ದರು.

ಅದು ಮೋಟಾರಿನ ಸ್ಟ್ಯಾಂಡ್ ಇದ್ದ ದೂರದರ್ಶಕ. ಆಕಾಶದ ಗ್ರಹ ಸುಮ್ಮನೆ ನಿಲ್ಲುವುದಿಲ್ಲ, ನೋಡುತ್ತಿದ್ದ ಹಾಗೇ ಜಾರಿಹೋಗುತ್ತದೆ. ಭಾವನ ಕಣ್ಣಿಗೆ ಏನು ಕಂಡರೂ ಗುರುತು ಹತ್ತಲು ಬಹಳ ಹೊತ್ತು ಬೇಕಿತ್ತು. ಈ ಸ್ಟ್ಯಾಂಡಾದರೆ ರಿಮೋಟ್ ಒತ್ತಿದಾಗ ತಾನೇ ತಿರುಗಿ ಗ್ರಹವನ್ನು ಹಿಡಿದು, ಅದರ ಹಿಂದೆಯೇ ನಿಧಾನವಾಗಿ ಹೋಗುತ್ತಿತ್ತು. ಕೈಯಿಂದ ತಿರುಗಿಸುವ ಹಾಗಿರಲಿಲ್ಲ, ಒಳಗಿನ ಗೇರಿನ ಹಲ್ಲು ಮುರಿಯುತ್ತದೆ. ಅದು ಬಂದ ವಾರ ಬಿಡದೆ ಮೋಡ. ಒಂದು ಸಂಜೆ ಮಾತ್ರ ಮೋಡದ ಸಂದಿನಲ್ಲಿ ಚಂದ್ರನನ್ನು ನೋಡಿ ಮಗುವಿನ ಹಾಗೆ ಕುಣಿದರಂತೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಬೆಳಿಗ್ಗೆ ನನ್ನ ಅಂಗಡಿಯ ಪೂಜೆ ಮುಗಿಸಿ, ಪುರಿ ಸಿಹಿ ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಭಾವ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಮಲಗಿದ್ದರು. ಅಕ್ಕ ನನ್ನನ್ನು ತಾರಸಿಗೆ ಕರೆದುಕೊಂಡು ಹೋಗಿ, ಬೆಡ್‌ಶೀಟು ಹೊದಿಸಿದ್ದ ಮಿಷನ್ನು ತೋರಿಸಿದಳು.

"ಆಕಾಶದಲ್ಲಿರೋ ಶನಿ ಸಾಲ್ದು ಅಂತ ಮನೇಗೇ ಕರ್ಕೊಂಡು ಬತ್ತಾವ್ರೆ ನಿಮ್ಮ ಭಾವ" ಎಂದಳು. "ಮೊದ್ಲೇ ಕಣ್ಣು ಇಂಗೈತೆ. ಅದ್ರ ಮ್ಯಾಲೆ ಶನಿ ಕಣ್ಣಿಗೆ ಕಣ್ಣು ಕೊಟ್ಟು ನೋಡ್ತೀನಿ ಅಂತವ್ರೆ. ನಂಗೆ ಎದೆ ಡವಡವ ಅಂತದೆ ಕಣ್ಲಾ. ಒಸಿ ಪೂಜೆನಾದ್ರೂ ಮಾಡ್ಬುಡು."

"ಭಾವ ಬೈತಾರೆ ಕಣಕ್ಕ. ನಾನು ಅವ್ರ ಸ್ಕೂಟ್ರಿಗೆ ನಿಂಬೆಹಣ್ಣು ಕಟ್ಟಿದ್ದಕ್ಕೆ, ಪೆಟ್ರೋಲು ಹಾಕ್ಸಿದ್ರೆ ಸಾಕಾಗಿತ್ತು ಅಂದಿದ್ರು."

"ಅವ್ರು ಎದ್ದೇಳೋ ಹೊತ್ಗೆ ಒರೆಸ್ಬುಡು. ಯಾರಿಗ್ ಗೊತ್ತಾಯ್ತದೆ?"

ನನ್ನ ಅಂಗಡಿಯಲ್ಲಿ ವರ್ಷವರ್ಷ ಹೇಗೆ ಮಾಡುತ್ತಿದ್ದೆನೋ ಹಾಗೆಯೇ ಮಾಡಿದೆ. ವಿಭೂತಿ ಬಳಿದೆ, ಕುಂಕುಮ ಇಟ್ಟೆ, ಹೂ ಏರಿಸಿದೆ, ಕಾಯಿ ಒಡೆದು ನೀರನ್ನು ಸ್ಟ್ಯಾಂಡಿನ ಮೇಲೆ ಸುರಿದೆ. ನಮ್ಮ ಮೋಟಾರುಗಳ ಮೈಯೆಲ್ಲ ಎರಕದ ಕಬ್ಬಿಣ, ಒಳಗಿನ ತಂತಿಗೆ ವಾರ್ನಿಶ್. ಒಂದು ಚೊಂಬು ನೀರು ಸುರಿದರೂ ಅವಕ್ಕೆ ಏನೂ ಆಗುವುದಿಲ್ಲ. ಇದರ ಬುಡದಲ್ಲಿ ರಿಮೋಟಿನ ವೈರು ಸಿಕ್ಕಿಸುವ ತೂತು ಬಾಯಿ ತೆರೆದುಕೊಂಡಿತ್ತು. ನಾನು ನೋಡಿದೆ. ನೋಡಿಯೂ ಅದರ ಪಕ್ಕದಲ್ಲೇ ಕುಂಕುಮ ಇಟ್ಟೆ. ಆಮೇಲೆ ಬಟ್ಟೆಯಿಂದ ಎಲ್ಲವನ್ನೂ ಒರೆಸಿ, ಬೆಡ್‌ಶೀಟು ಹೊದಿಸಿ ಕೆಳಗಿಳಿದೆ.

ಮೋಡ ಹರಿದ ಮೊದಲ ಸಂಜೆಯೇ ಭಾವನ ಫೋನು ಬಂತು. "ಸ್ಟ್ಯಾಂಡ್ ಮಾತಾಡ್ತಿಲ್ಲ ಕಣೋ. ರಿಮೋಟಲ್ಲಿ ‘ನೋ ರೆಸ್ಪಾನ್ಸ್’ ಅಂತ ಬರ್ತಿದೆ. ನಾಳೆ ಬಾ."

ಮಾರನೆಯ ದಿನ ಹೊತ್ತು ಇಳಿಯುವಾಗ ತಾರಸಿಯಲ್ಲಿ ಕುಳಿತೆವು. ಭಾವ ಕೈಯಲ್ಲಿ ಭೂತಗನ್ನಡಿ ಹಿಡಿದು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಮೊದಲು ಬ್ಯಾಟರಿ ಬದಲಾಯಿಸಿದೆ. ಮೀಟರ್ ಇಟ್ಟು ನೋಡಿದೆ, ಕರೆಂಟು ಸರಿಯಾಗಿತ್ತು. ರಿಮೋಟಿಗೆ ಜೀವವಿತ್ತು, ಅಕ್ಷರಗಳು ಬರುತ್ತಿದ್ದವು. ಬಟನ್ ಒತ್ತಿದರೆ ಮಾತ್ರ ಮೋಟಾರಿನಿಂದ ಉತ್ತರವಿಲ್ಲ. ಅಂದರೆ ರಿಮೋಟಿಗೂ ಮೋಟಾರಿಗೂ ನಡುವೆ ಎಲ್ಲೋ ದಾರಿ ಕಟ್ಟಿದೆ. ವೈರನ್ನು ಎಳೆದೆ. ತೂತಿನ ಬಾಯಲ್ಲಿ ಕುಂಕುಮ ಕೆಸರಿನ ಹಾಗೆ ಗಟ್ಟಿಯಾಗಿ ಕೂತಿತ್ತು.

"ಏನು ಕಾಣ್ತು?" ಎಂದು ಭಾವ ಭೂತಗನ್ನಡಿ ಹತ್ತಿರ ತಂದರು. ನಾನು ಆ ತೂತಿನ ಮೇಲೆ ಹೆಬ್ಬೆರಳಿಟ್ಟೆ.

"ಏನಿಲ್ಲ ಭಾವ."

"ನೀರುಗೀರು ಬಿದ್ದಿದೆಯೇನೋ? ಯಾರಾದರೂ ಮುಟ್ಟಿದರಾ?"

"ಇಲ್ಲ ಭಾವ. ವೈರು ಒಳಗೇ ತುಂಡಾಗಿರಬೇಕು. ಹೊಸದು ತರಿಸಿ."

ಒಣಗಿದ ಬಟ್ಟೆ ತೆಗೆಯುತ್ತಿದ್ದ ಅಕ್ಕ ನನ್ನ ಮುಖ ನೋಡಿ, ಬಟ್ಟೆಗಳನ್ನು ಎದೆಗೆ ಅವುಚಿಕೊಂಡು ಕೆಳಗೆ ಹೋದಳು.

ಭಾವ ಇಲ್ಲದಾಗ ಒಂದು ಗಂಟೆ ಸಿಕ್ಕಿದರೆ ಬಿಚ್ಚಿ ತೊಳೆದು ಸರಿಮಾಡಿಬಿಡುತ್ತೇನೆ ಎಂದುಕೊಂಡಿದ್ದೆ. ಆದರೆ ಭಾವ ಆ ಮಿಷನ್ನನ್ನು ಬಿಟ್ಟು ಕದಲಲಿಲ್ಲ. "ಅಂಗಡಿಗೆ ಯಾಕೆ? ಇಲ್ಲೇ ಬಿಚ್ಚು, ನಾನೂ ಕಲೀತೀನಿ" ಎನ್ನುತ್ತಿದ್ದರು. ಬೇಡದ ವೈರು ಬೆಂಗಳೂರಿನಿಂದ ಬರುವವರೆಗೆ ಕಾದೆವು. ಆ ದಿನಗಳಲ್ಲಿ ಆಕಾಶ ತೊಳೆದ ಹಾಗಿತ್ತು. ಸಂಜೆಯಾದರೆ ದಕ್ಷಿಣಕ್ಕೆ ಶನಿ ಬರಿಗಣ್ಣಿಗೇ ಕಾಣುತ್ತಿತ್ತು. "ಅಲ್ಲೇ ಇದಾನೆ ನೋಡು ನಿಮ್ಮಕ್ಕನ ಶತ್ರು. ಇವತ್ತೂ ತಪ್ಪಿಸಿಕೊಂಡ" ಎಂದು ಭಾವ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಹೊಸ ವೈರು ಬಂತು. ಅದರಿಂದ ಏನೂ ಆಗಲಿಲ್ಲ, ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಒಳಗಿನ ಸರ್ಕ್ಯೂಟ್ ಬೋರ್ಡ್ ಹೋಗಿದೆ, ಅಂಗಡಿಗೇ ಒಯ್ಯಬೇಕು ಎಂದು ಇನ್ನೊಂದು ಸುಳ್ಳು ಹೇಳಿದೆ. ಈ ಸಲ ಭಾವ ಒಪ್ಪಿದರು. ಟವಲು ಸುತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ರಾಮನಗರಕ್ಕೆ ತಂದೆ.

ಬೆಳಿಗ್ಗೆ ಅಂಗಡಿಯಲ್ಲಿ ಬಿಚ್ಚಿದೆ. ತೂತಿನೊಳಗೆ ಕೂದಲಿನಷ್ಟು ತೆಳುವಾದ ತಂತಿಗಳು ಸಾಲಾಗಿದ್ದವು. ಕಾಯಿನೀರು ಕೂತು ಎಲ್ಲಕ್ಕೂ ಹಸಿರು ಕಿಲುಬು ಹಿಡಿದಿತ್ತು. ಹಲ್ಲುಜ್ಜುವ ಬ್ರಶ್ಶಿಗೆ ಸ್ಪಿರಿಟ್ ಹಾಕಿ ಉಜ್ಜಿದೆ, ಸೂಜಿಯಿಂದ ಕುಂಕುಮ ಕೆರೆದೆ, ಬಿಸಿಲಿಗಿಟ್ಟು ಒಣಗಿಸಿ ರಿಮೋಟ್ ಸಿಕ್ಕಿಸಿದೆ. ಒತ್ತಿದ ಕೂಡಲೇ ಸ್ಟ್ಯಾಂಡ್ ಗುಂಯ್ ಎಂದು ತಿರುಗಿತು. ಇನ್ನೂ ಮಧ್ಯಾಹ್ನದ ಊಟದ ಹೊತ್ತೂ ಆಗಿರಲಿಲ್ಲ.

ಇಲ್ಲಿಯವರೆಗಿನದನ್ನು ಅಜ್ಞಾನ ಎನ್ನಬಹುದು, ಹೆದರಿಕೆ ಎನ್ನಬಹುದು. ಇದರ ಮುಂದಿನದಕ್ಕೆ ಅಂಥ ಹೆಸರಿಲ್ಲ. ಆ ದಿನವೇ ಬಸ್ ಹತ್ತಿದ್ದರೆ ಸಂಜೆಗೆ ಭಾವ ಶನಿಯನ್ನು ನೋಡುತ್ತಿದ್ದರು. ನಾನು ಹತ್ತಲಿಲ್ಲ. ಬೋರ್ಡ್ ಹೋಗಿದೆ ಎಂದವನು ಒಂದೇ ದಿನದಲ್ಲಿ ಸರಿಮಾಡಿ ತಂದರೆ ಅನುಮಾನ ಬರುತ್ತದೆ. ಒಂದಷ್ಟು ದಿನ ಬಿಟ್ಟು ಒಯ್ದರೆ ಕಷ್ಟಪಟ್ಟು ಮಾಡಿದ ಹಾಗಿರುತ್ತದೆ ಎಂದು ಲೆಕ್ಕ ಹಾಕಿದೆ. ಸರಿಯಾದ ಮಿಷನ್ನನ್ನು ಕಪಾಟಿನ ಮೇಲಿಟ್ಟು ಬೇರೆಯವರ ಮೋಟಾರು ಸುತ್ತುತ್ತ ಕೂತೆ. ಭಾವ ದಿನಾ ಫೋನು ಮಾಡುತ್ತಿದ್ದರು. "ಆಯ್ತೇನೋ?" "ಇನ್ನೊಸಿ ಕೆಲ್ಸ ಐತೆ ಭಾವ."

ಒಂದು ಬೆಳಿಗ್ಗೆ ಫೋನಿನಲ್ಲಿ ಅಕ್ಕನ ದನಿ. "ಎದ್ದಾಗಿಂದ ಕಣ್ಮುಂದೆ ಹೊಗೆ ಹೊಗೆ ಅಂತವ್ರೆ ಕಣ್ಲಾ. ಗೋಡೆ ತಡವ್ಕೊಂಡು ಬಚ್ಚಲಿಗೋದ್ರು. ಬಾರ್ಲಾ ಬೇಗ."

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಣ್ಣಿನೊಳಗೆ ರಕ್ತ ತುಂಬಿದೆ ಎಂದರು. ಏನೇನೋ ಮಾಡಿದರು. ರಕ್ತ ತೆಗೆದ ಮೇಲೆ ನೋಡಿದರೆ ಕಣ್ಣಿನ ಹಿಂದಿನ ಪರದೆಯೇ ಹರಿದಿತ್ತು, ಇನ್ನು ನೋಟ ಬರುವುದು ಕಷ್ಟ ಎಂದರು. ಮನೆಗೆ ಬಂದ ಮೇಲೆ ಭಾವ ಮೊದಲು ಕೇಳಿದ್ದು ಸ್ಟ್ಯಾಂಡನ್ನು. ಮಾರನೆಯ ಸಂಜೆ ಒಯ್ದು ತಾರಸಿಯಲ್ಲಿ ಜೋಡಿಸಿದೆ. ಬಟನ್ನುಗಳನ್ನು ಅವರೇ ಬೆರಳಿನಿಂದ ತಡವಿ, ಯಾವುದು ಯಾವುದೆಂದು ನನ್ನನ್ನು ಕೇಳಿ ಒತ್ತಿದರು. ಸ್ಟ್ಯಾಂಡ್ ತಿರುಗಿ ನಿಂತಿತು. ಭಾವ ಬಗ್ಗಿ ಕಣ್ಣಿಟ್ಟರು. ಬಹಳ ಹೊತ್ತು ಹಾಗೆಯೇ ಇದ್ದರು.

"ಬಂದಿದ್ಯಾ?" ಎಂದರು.

ನಾನು ಗುರಿ ನೋಡಲೆಂದು ಪಕ್ಕದಲ್ಲಿದ್ದ ಚಿಕ್ಕ ಕೊಳವೆಯಲ್ಲಿ ನೋಡಿ, "ಬಂದೈತೆ ಭಾವ" ಎಂದೆ.

ಅವರು ಸರಿದು ಕುರ್ಚಿ ಹಿಡಿದು ಕುಳಿತರು. "ನೀನು ನೋಡು. ನೋಡಿ ಹೇಳು."

ನಾನು ನೋಡಿದೆ. ತುಸು ಹಳದಿ ಬಣ್ಣದ ಚಿಕ್ಕ ಗುಂಡು, ಸುತ್ತ ಬಳೆ, ಒಂದಿಷ್ಟೂ ಅಲುಗದೆ ನಿಂತಿತ್ತು.

"ಬಳೆಗೂ ಗುಂಡಿಗೂ ನಡುವೆ ಸಂದು ಕಾಣ್ತದಾ?"

"ಕಾಣ್ತದೆ ಭಾವ."

"ಕಪ್ಪಗಾ?"

"ಕಪ್ಪಗೆ."

"ಹೂಂ. ನಾನು ಬೋರ್ಡ್ ಮೇಲೆ ಸರಿಯಾಗೇ ಬರೀತಿದ್ದೆ ಹಾಗಾದ್ರೆ" ಎಂದರು. ಆಮೇಲೆ, "ಅಂತೂ ಸರಿಮಾಡ್ದೆ. ನೀನು ಬಿಡೋನಲ್ಲ" ಎಂದು ನನ್ನ ಕೈ ಹುಡುಕಿ ಹಿಡಿದುಕೊಂಡರು. ನಾನು ಆ ಹೊಗಳಿಕೆಯನ್ನೂ ತೆಗೆದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವರ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅಕ್ಕ ಕೇಳಿಕೊಂಡಿದ್ದನ್ನು ಮಾತ್ರ ಬಿಟ್ಟೆ. ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಭಾವ ಪೂಜೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಎಷ್ಟು ಹೊತ್ತಿನ ಕೆಲಸ ಅದು?" ಎಂದು ಕೇಳಿದರು.

"ಒಂದು ಬೆಳಿಗ್ಗೆದು ಭಾವ."

"ಮಾಡಿ ಮುಗಿಸಿ ಇಟ್ಟುಕೊಂಡಿದ್ದೆ ನೀನು."

"ಹೂಂ."

ಬೈಯುತ್ತಾರೆ ಎಂದು ಕಾದೆ. ಭಾವ, "ಬಸ್ಸಿಗೆ ಹೊತ್ತಾಗುತ್ತೆ, ಹೊರಡು" ಎಂದರು.

ಈಗಲೂ ಹೋಗುತ್ತೇನೆ. ಬಾ, ಕೂತ್ಕೋ, ಕಾಫಿ ಕುಡಿ ಎನ್ನುತ್ತಾರೆ. ಹೋದ ತಿಂಗಳು ನಾನು ಕುಳಿತಿದ್ದಾಗ ತಲೆಯ ಮೇಲಿನ ಫ್ಯಾನು ಬೇರಿಂಗು ಸವೆದು ಕರಕರ ಎನ್ನುತ್ತಿತ್ತು. ಸ್ಕ್ರೂಡ್ರೈವರ್ ನನ್ನ ಚೀಲದಲ್ಲೇ ಇತ್ತು. ಅಕ್ಕ ಫ್ಯಾನಿನ ಕಡೆ ನೋಡಿ ನನ್ನನ್ನು ನೋಡಿದಳು. ಭಾವ ಸದ್ದು ಬಂದ ಕಡೆಗೆ ಮುಖ ಎತ್ತಿ, "ಬಸ್ ಸ್ಟ್ಯಾಂಡ್ ಹತ್ತಿರ ರಿಪೇರಿಯವನೊಬ್ಬ ಇದಾನಂತೆ, ನಾಳೆ ಕರೆಸು" ಎಂದು ಅಕ್ಕನಿಗೆ ಹೇಳಿದರು.