ಹೊಲಿದ ತೆಪ್ಪ

ಡ್ಯಾಮಿನಿಂದ ಹೊಳೆಗೆ ನೀರು ಬಿಡುತ್ತಾರೆಂದು ಪಂಚಾಯಿತಿಯ ಆಟೊ ಮೈಕಿನಲ್ಲಿ ಕೂಗಿಕೊಂಡು ಹೋದಾಗ ಬೆಳಗಿನ ಹತ್ತು ಗಂಟೆ. ಕಾಕಾನ ಬಲೆಗಳು ಇನ್ನೂ ಹೊಳೆಯಲ್ಲೇ ಇದ್ದವು. ಸಾಣಾಪುರದ ಹತ್ತಿರ ತುಂಗಭದ್ರೆ ಬಂಡೆಗಳ ನಡುವೆ ಹರಿಯುವಲ್ಲಿ ಹಿಂದಿನ ಸಂಜೆ ಬಿಟ್ಟು ಬಂದಿದ್ದ.

"ಅರ್ಧ ತಾಸಿನ ಕೆಲಸ, ಎಳಕೊಂಡು ಬರ್ತೀನಿ," ಎಂದು ಬಿದಿರು ಬುಟ್ಟಿಯಂಥ ತೆಪ್ಪವನ್ನು ತಲೆಯ ಮೇಲೆ ಬೋರಲು ಹೊತ್ತು ಹೊರಟ. ರಜೆಗೆ ಊರಿಗೆ ಬಂದಿದ್ದ ನಾನು ಸುಮ್ಮನೆ ಹಿಂದೆ ಹೋದೆ.

ಅಂದು ನಡೆದದ್ದನ್ನು ಬಹಳ ಜನರಿಗೆ ಹೇಳಿದ್ದೇನೆ. ಪ್ರತಿ ಸಲವೂ ಅದೇ ಕ್ರಮದಲ್ಲಿ ಬರುತ್ತದೆ. ಮೊದಲು ನೀರು ಕೆಂಪಾಯಿತು. ಆಮೇಲೆ ದಡ ಹತ್ತುವಾಗ ನಾನು ಕಾಲಿಟ್ಟಿದ್ದ ಕಲ್ಲು ಕಾಣದಾಯಿತು. ಕಾಕಾ ಒಂದು ಬಲೆಯ ತುದಿಯನ್ನಷ್ಟೇ ತೆಪ್ಪದೊಳಗೆ ಎಳೆದುಕೊಂಡಿದ್ದ. ತೆಪ್ಪ ಗರಗರ ತಿರುಗಿ ಬಂಡೆಗೆ ಬಡಿಯಿತು. ಬಿದಿರು ಮುರಿದ ಸದ್ದು ದಡದವರೆಗೂ ಕೇಳಿಸಿತು. ಅವನು ಬಂಡೆಯನ್ನು ಅಪ್ಪಿ ನಿಂತ. ನೀರು ಅವನ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಪಕ್ಕದ ಭತ್ತದ ಗದ್ದೆಯವರು ಹಗ್ಗ ತಂದು ಎಸೆದರು. ಮೂರನೆಯ ಸಲ ಅದು ಅವನ ಕೈಗೆ ಸಿಕ್ಕಿತು. ಸಿಗದ ಆ ಎರಡು ಸಲಗಳನ್ನು ಈಗಲೂ ನೋಡುತ್ತಿರುತ್ತೇನೆ. ಕೊಪ್ಪಳದ ಬಸ್ಸಿನಲ್ಲಿ ಕೂತಾಗ, ಕಚೇರಿಯಲ್ಲಿ ಕಂಪ್ಯೂಟರ್ ತೆರೆದಾಗ.

ದಡಕ್ಕೆ ಬಂದವನು ಕೇಳಿದ ಮೊದಲ ಮಾತು, "ತೆಪ್ಪ ಎಲ್ಲಿ ಹೋತು?"

ಅದು ಸ್ವಲ್ಪ ಕೆಳಗೆ ಜಾಲಿಯ ಪೊದೆಗೆ ಸಿಕ್ಕಿಕೊಂಡಿತ್ತು. ತಳದಲ್ಲಿ ಒಬ್ಬ ಮನುಷ್ಯ ತೂರುವಷ್ಟು ತೂತು. ಬಲೆಗಳು ಹೋಗಿದ್ದವು. ಮನೆಯಲ್ಲಿ ಬೇರೆ ಬಲೆ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾಕಾ ತೆಪ್ಪವನ್ನು ಮನೆಯ ಮುಂದೆ ಬೋರಲು ಹಾಕಿಕೊಂಡು ರಿಪೇರಿಗೆ ಕೂತ. ನಮ್ಮಲ್ಲಿ ಮುರಿದ ತೆಪ್ಪವನ್ನು ಯಾರೂ ಹಾಗೇ ಬಿಡುವುದಿಲ್ಲ. ಬಿದಿರು ಹಸಿ ಇರುವಾಗಲೇ ಬಗ್ಗಿಸಿ ಹೆಣೆಯಬೇಕು, ಒಂದು ದಿನ ಬಿಸಿಲಿಗೆ ಒಣಗಿತೆಂದರೆ ಆಕಾರ ಕೆಟ್ಟು ಇಡೀ ತೆಪ್ಪ ಹಾಳು.

"ಮುಳುಗಿ ಎದ್ದು ಬಂದಾನ, ತನ್ನ ಮೈ ಇನ್ನಾ ಒಣಗಿಲ್ಲ, ತೆಪ್ಪಕ್ಕ ಔಷಧ ಹಚ್ಚಾಕತ್ತಾನ," ಎಂದಳು ಕಾಕಾನ ಹೆಂಡತಿ, ನನ್ನ ಚಿಗವ್ವ. ಹಾಗೆನ್ನುತ್ತಲೇ ಡಾಂಬರು ಕಾಯಿಸಲು ಒಲೆ ಹೂಡಿದಳು. ದಬ್ಬಣಕ್ಕೆ ದಾರ ಪೋಣಿಸಿ ಕೊಟ್ಟವಳು ನಾನು.

ಊರಿನಲ್ಲಿ ಹೊಳೆಯ ನೀರು ನುಗ್ಗಿ ಗೋಡೆ ಬಿದ್ದವರು ಮಣ್ಣಿನ ಒಂದು ಹೆಂಟೆಯನ್ನೂ ಎತ್ತಿರಲಿಲ್ಲ. ಪಂಚನಾಮೆ ಆಗುವವರೆಗೆ ಮುಟ್ಟಬಾರದೆಂದು ಅವರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಗಂಗಾವತಿಯಲ್ಲಿ ಡಿಗ್ರಿ ಮುಗಿಸಿದವಳು ನಾನು, ಇಂಥ ಹಾನಿಯ ಪಟ್ಟಿಗಳನ್ನು ಟೈಪ್ ಮಾಡುವುದೇ ನನ್ನ ಕೆಲಸ. ಆ ದಿನವೆಲ್ಲ ಫೋನ್ ನನ್ನ ಕೈಯಲ್ಲೇ ಇತ್ತು. ಒಂದು ಫೋಟೊ ತೆಗೆಯಬೇಕೆಂದು ಹೊಳೆಯಲಿಲ್ಲ.

ನಾಲ್ಕನೆಯ ದಿನ ಮೀನುಗಾರರ ನಷ್ಟ ಬರೆದುಕೊಳ್ಳಲು ಇಲಾಖೆಯ ಸಾಹೇಬರು ಬಂದರು. ಸರಕಾರ ತೆಪ್ಪಕ್ಕೂ ಬಲೆಗೂ ಪರಿಹಾರ ಕೊಡುತ್ತದೆ ಎಂದರು. ಕಾಕಾ ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ತೆಪ್ಪದ ಪಕ್ಕದಲ್ಲಿ ನಿಂತಿದ್ದ.

"ಯಜಮಾನ್ರ, ಇದು ಛಲೋ ಐತಲ್ಲರೀ," ಎಂದರು ಸಾಹೇಬರು.

"ಭಾಳ ಛಲೋ ಐತ್ರಿ. ನಾನ ಹೊಲದೀನಿ. ಒಂದು ಹನಿ ನೀರು ಒಳಗ ಬರಂಗಿಲ್ಲ, ಬೇಕಾದ್ರ ಕುಂತು ನೋಡ್ರಿ."

"ಹಂಗಾದ್ರ ಹಾನಿ ಅಂತ ಹೆಂಗ ಬರೀಲಿ? ಫೋಟೊದಾಗ ಕಾಣಬೇಕಲ್ಲ. ಹೋಗ್ಲಿ, ಬಲಿ ಎಲ್ಲಿ?"

"ಹೊಳ್ಯಾಗ."

"ಹರಿದ ತುಂಡು ಏನರ?"

"ಅದೂ ಹೊಳ್ಯಾಗ್ರಿ. ಹೊಳೀನ ಕೇಳ್ರಿ ಸಾಹೇಬ್ರ, ನನ್ನ ಯಾಕ ಕೇಳ್ತೀರಿ?"

ಸಾಹೇಬರು ನಕ್ಕರು. ಕೆಟ್ಟವರಲ್ಲ. ಪೆನ್ನು ಜೇಬಿಗಿಟ್ಟು, ಹೊಲಿಗೆಯ ಮೇಲೆ ಒಮ್ಮೆ ಕೈಯಾಡಿಸಿ, "ಊರ ಅಗಸಿ ಬಾಗಿಲ ಕಡೆ ಚಾ ಕುಡದು ಬರ್ತೀನಿ," ಎಂದು ನಮ್ಮೆಲ್ಲರ ಮುಖ ನೋಡಿ ಹೋದರು.

ಚಿಗವ್ವ ಒಳಗಿನಿಂದ ಕುಡಗೋಲು ತಂದು ಕಾಕಾನ ಕೈಗೆ ಕೊಟ್ಟಳು. ಅವನು ತುದಿಯನ್ನು ಹೊಲಿಗೆಯ ಕೆಳಗೆ ಇಟ್ಟ, ತೆಗೆದ, ಮತ್ತೆ ಇಟ್ಟ.

"ಆಗವಲ್ದು," ಎಂದ.

"ಹೊಳ್ಯಾಗ ಸಾಯಾಕ ಆಗತೈತಿ, ಇದು ಆಗವಲ್ದನ?" ಎಂದಳು ಚಿಗವ್ವ.

ನಾನು ಅವನ ಕೈಯಿಂದ ಕುಡಗೋಲು ತೆಗೆದುಕೊಂಡೆ. ದಾರ ಎಲ್ಲೆಲ್ಲಿ ಹಾಯ್ದಿದೆಯೆಂದು ನನಗೆ ಗೊತ್ತಿತ್ತು. ಒಂದೊಂದೇ ಹೊಲಿಗೆ ಕತ್ತರಿಸಿ, ಡಾಂಬರು ಹಚ್ಚಿದ ತೇಪೆಯನ್ನು ಎರಡೂ ಕೈಯಿಂದ ಎಳೆದೆ. ಹೊಸ ಬಿದಿರಿನ ಎರಡು ಪಟ್ಟಿ ಮುರಿದವು. ತೂತು ಮೊದಲಿದ್ದಷ್ಟೇ ಆಯಿತು. ನನಗೆ ಏನೂ ಅನ್ನಿಸಲಿಲ್ಲ, ಉಗುರಿನ ಸಂದಿಯಲ್ಲಿ ಡಾಂಬರು ಅಂಟಿದ್ದನ್ನು ಬಿಟ್ಟರೆ.

ಸಾಹೇಬರು ಬಂದು ಏನೂ ಕೇಳದೆ ಫೋನ್ ಎತ್ತಿದರು. "ಪಕ್ಕಕ್ಕ ಕುಂದರ್ರಿ. ಸ್ವಲ್ಪ ಮುಖ ಸಣ್ಣದ ಮಾಡ್ರಿ."

"ನನ್ನ ಮುಖ ಇರೋದ ಹಿಂಗ ರೀ," ಎಂದ ಕಾಕಾ.

ಅವರು ಹೋದ ಮೇಲೆ ಅವನು ಎರಡನೆಯ ಸಲ ಹೊಲಿಯಲು ಕೂತ. ಈ ಸಲ ಬಿದಿರು ಒಣಗಿತ್ತು. ನೀರು ಚಿಮುಕಿಸಿ ಚಿಮುಕಿಸಿ ಬಗ್ಗಿಸಿದ. ದಬ್ಬಣಕ್ಕೆ ದಾರವನ್ನು ತಾನೇ ಪೋಣಿಸಿಕೊಂಡ.

ತೆಪ್ಪಕ್ಕೆ ಪರಿಹಾರ ಮಂಜೂರಾಯಿತು. ಬಲೆಗೆ ಪುರಾವೆ ಇಲ್ಲವೆಂದು ಆಗಲಿಲ್ಲ. ನಮ್ಮ ಓಣಿಯಲ್ಲೇ ಇನ್ನೊಬ್ಬರ ತೆಪ್ಪ ಪೂರ್ತಿ ಕೊಚ್ಚಿಹೋಗಿತ್ತು, ಆದರೆ ಅವರ ಬಲೆಗಳು ಮನೆಯ ಗೂಟದ ಮೇಲೆ ಒಣಗುತ್ತಿದ್ದವು. ಪರಿಹಾರದ ಯಾದಿಯಲ್ಲಿ ಅವರ ಹೆಸರು ಬಂದೇ ಇಲ್ಲ, ಹೋದ ತೆಪ್ಪದ ಫೋಟೊ ಅವರಲ್ಲೂ ಇರಲಿಲ್ಲ. ಈಗ ಇಬ್ಬರೂ ಕೂಡಿದ್ದಾರೆ. ತೆಪ್ಪ ಕಾಕಾನದು, ಬಲೆ ಅವರದು, ಸಿಕ್ಕ ಮೀನು ಅರ್ಧರ್ಧ. ಒಬ್ಬನೇ ಕೂರುತ್ತಿದ್ದ ತೆಪ್ಪದಲ್ಲಿ ಇಬ್ಬರು ಕೂರುತ್ತಾರೆ.

ತೇಪೆ ಮೊದಲಿನ ಹಾಗೆ ಗಟ್ಟಿ ಇದೆಯೇ ಎಂದು ಕೇಳಬೇಕೆಂದು ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ, ಕೇಳುವುದಿಲ್ಲ. ಇವತ್ತು ಚಿಗವ್ವ ಫೋನ್ ಎತ್ತಿದಳು.

"ಹೊಳಿಗೆ ಹೋಗ್ಯಾರವ್ವಾ," ಎಂದಳು.

"ಯಾವಾಗ?"

"ಆತು, ಭಾಳ ಹೊತ್ತಾತು. ಇಷ್ಟೊತ್ತಿಗೆ ಬರಬೇಕಿತ್ತು."

ನಾನು ಫೋನ್ ಇಡಲಿಲ್ಲ. ಅವಳೂ ಇಡಲಿಲ್ಲ. ಅವಳ ಒಲೆಯ ಮೇಲೆ ಏನೋ ಕುದಿಯುವುದು ಕೇಳಿಸುತ್ತಿತ್ತು. ಆಮೇಲೆ ಅವಳು, "ಇರು, ಯಾರೋ ಬಂದ್ರು," ಎಂದು ಫೋನನ್ನು ಅಲ್ಲೇ ಇಟ್ಟು ಬಾಗಿಲ ಕಡೆ ಹೋದಳು.