ಬೂಟಕ್ಕನ ಮುಂದೆ ಎರಡು ದಿಂಬು

ಎತ್ತರ ಐದಡಿಗೆ ಎರಡು ಬೆರಳು ಕಡಿಮೆ. ತೂಕ, ಒದ್ದೆ ಏಪ್ರನ್ ಸೇರಿಸಿಕೊಂಡರೂ, ಡಬಲ್ ಹಾಸಿಗೆಯೊಂದರಷ್ಟು ಬರುವುದಿಲ್ಲ. ಮೇಲ್ಮೈ ಒರಟು, ಹೊಲಿಗೆ ಗಟ್ಟಿ, ನೀರಿಗೆ ಹಾಕಿದರೆ ಬಣ್ಣ ಬಿಡುವ ಜಾತಿಯಲ್ಲ. ಬ್ರಷ್ ಹಿಡಿದೂ ಹಿಡಿದೂ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿದೆ. ಅದನ್ನು ತೋರಿಸಿ ಬೆಲೆ ಇಳಿಸೋಣ ಎಂದರೆ ಚೌಕಾಸಿಗೆ ಬಗ್ಗುವ ಸರಕೂ ಅಲ್ಲ. ಮೂವತ್ತೈದು ವರ್ಷ ಹಾಸಿಗೆ ದಿಂಬು ಮಾರಿದವನ ಅಂದಾಜಿನಲ್ಲಿ ಹೇಳುವುದಾದರೆ, ಅಂಗಡಿಯ ಮುಂದೆ ನೇತುಹಾಕಿ ಗಿರಾಕಿ ಸೆಳೆಯುವ ಮಾಲಲ್ಲ. ಒಳಗೆ ಏನು ತುಂಬಿದೆ ಎನ್ನುವುದು ಒತ್ತಿ ನೋಡಿದವರಿಗೆ ಮಾತ್ರ ಗೊತ್ತಾಗುವ ಮಾಲು.

ಅವಳನ್ನು ಎಲ್ಲರೂ ಬೂಟಕ್ಕ ಎನ್ನುತ್ತಾರೆ. ವಿಮಾನ ನಿಲ್ದಾಣದಲ್ಲಿ ಬಂದಿಳಿದವರ ಬೂಟು ತೊಳೆಯುವುದು ಅವಳ ಕೆಲಸ. ಹೊರದೇಶದ ಮಣ್ಣಿನ ಜೊತೆ ಯಾವ ಹುಳ, ಯಾವ ರೋಗ ಬಂದೀತೋ ಎಂದು ಸರ್ಕಾರಕ್ಕೆ ಭಯ. ಆ ಭಯವನ್ನು ಒಂದು ಸ್ಟೀಲ್ ತೊಟ್ಟಿ, ಹಸಿರು ಔಷಧದ ನೀರು, ಮೂರು ಬ್ರಷ್ ಕೊಟ್ಟು ಬೂಟಕ್ಕನ ತಲೆಗೆ ಕಟ್ಟಿದ್ದಾರೆ. ತೊಟ್ಟಿಯ ಪಕ್ಕದಲ್ಲಿ ಒಂಬತ್ತು ಜೊತೆ ರಬ್ಬರ್ ಚಪ್ಪಲಿ, ಮಗುವಿನ ಅಳತೆಯಿಂದ ಹಿಡಿದು ಪೈಲ್ವಾನನ ಅಳತೆಯವರೆಗೆ. ಅವನ್ನು ಇಲಾಖೆ ಕೊಟ್ಟಿಲ್ಲ, ಅವಳೇ ತಂದಿಟ್ಟದ್ದು. ‘ದೊಡ್ಡ ಮನುಷ್ಯರೂ ಬರಿಗಾಲಲ್ಲಿ ನಿಂತ್ರೆ ಮುಖ ಸಣ್ಣ ಮಾಡ್ಕೋತಾರೆ, ನೋಡಕ್ಕಾಗಲ್ಲ’ ಎನ್ನುತ್ತಾಳೆ. ಅಟ್ಟೆ ನೋಡಿಯೇ ಜಾತಕ ಹೇಳುತ್ತಾಳೆ: ಇದು ಕುದುರೆ ಲಾಯ, ಇದು ಆಟದ ಮೈದಾನ, ಇದು ‘ಎಲ್ಲೂ ಹೋಗಿಲ್ಲ’ ಎನ್ನುತ್ತಲೇ ಹಂದಿ ಗೂಡಿನಲ್ಲಿ ಅರ್ಧ ದಿನ ನಿಂತ ಬೂಟು.

ವಿಮಾನ ಇಳಿದವರು ಮೊದಲು ಒಂದು ಹಳದಿ ಕಾರ್ಡು ತುಂಬಬೇಕು. ತಿನ್ನುವ ಪದಾರ್ಥ ಇದೆಯೇ? ಗಿಡ, ಬೀಜ, ಮರದ ಸಾಮಾನು? ಪ್ರಾಣಿಯಿಂದ ಬಂದದ್ದು ಏನಾದರೂ? ತೋಟ, ಕೊಟ್ಟಿಗೆ ಹೊಕ್ಕು ಬಂದಿದ್ದೀರಾ? ಪ್ರತಿ ಪ್ರಶ್ನೆಗೂ ಹೌದು, ಇಲ್ಲ ಎಂದು ಎರಡು ಚೌಕ. ಹೌದು ಎಂದವರ ಚೀಲ ಬಿಚ್ಚಿ ನೋಡುತ್ತಾರೆ, ಕೇಡಿಲ್ಲದ್ದನ್ನು ವಾಪಸ್ಸು ಕೊಡುತ್ತಾರೆ, ಕೇಡಿನದನ್ನು ಸುಡುತ್ತಾರೆ. ಅಷ್ಟಕ್ಕೆ ಮುಗಿಯಿತು. ಇಲ್ಲ ಎಂದವರ ಚೀಲದಲ್ಲಿ ಒಂದು ಕಾಳು ಸಿಕ್ಕರೂ ದಂಡ, ಹೆಸರು ಪಟ್ಟಿಗೆ. ಬಂದ ವಿಮಾನದಲ್ಲೇ ಹಿಂದಕ್ಕೆ ಅಟ್ಟಿದ್ದೂ ಉಂಟು. ಕಾರ್ಡು ಅಧಿಕಾರಿಯ ಕೈ ಸೇರುವವರೆಗೆ ತಿದ್ದಬಹುದು. ಸೇರಿದ ಮೇಲೆ ಬ್ರಹ್ಮ ಬಂದರೂ ಆಗದು.

ಬೂಟಕ್ಕನ ತೊಟ್ಟಿ ಇರುವುದು ಅಧಿಕಾರಿಯ ಮೇಜಿಗೆ ಹತ್ತು ಹೆಜ್ಜೆ ಮುಂಚೆ. ಅಂದರೆ ತಿದ್ದಿಕೊಳ್ಳುವವರಿಗೆ ಅದೇ ಕೊನೆಯ ನಿಲ್ದಾಣ. ಬೂಟು ಉಜ್ಜುತ್ತಾ ಕಾರ್ಡಿನ ಮೇಲೊಂದು ಕಣ್ಣು ಹಾಯಿಸುವುದು, ‘ಇಲ್ಲ ಅನ್ನೋಕೆ ಧೈರ್ಯ ಬೇಕು, ಹೌದು ಅನ್ನೋಕೆ ಪೆನ್ನು ಸಾಕು’ ಎಂದು ಏಪ್ರನ್ ಜೇಬಿನಿಂದ ಪೆನ್ನು ತೆಗೆದುಕೊಡುವುದು ಅವಳ ಚಟ. ಮೇಜಿನ ಹಿಂದಿನ ಗಡ್ಡದ ಸಾಹೇಬ ಎರಡು ಸಲ ಗದರಿಸಿದ್ದ: ‘ನೀನು ಬೂಟು ತೊಳಿ ಬೂಟಕ್ಕ, ಕಾರ್ಡ್ ತೊಳೀಬೇಡ.’

ಇಷ್ಟು ಜನರ ಕೈಯಲ್ಲಿ ಹೌದು ಅನ್ನಿಸಿದವಳ ಮನೆಯಲ್ಲೇ ಒಂದು ಚೌಕ ಖಾಲಿ ಉಳಿದಿತ್ತು.

ಅವಳ ಮನೆ ಲಾಂಡ್ರಿಯೊಂದರ ಮೇಲೆ, ಎರಡು ಕೋಣೆ. ಗಂಡ ಇಲ್ಲ. ಎಂಬತ್ತು ದಾಟಿದ ಅತ್ತೆ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು. ಮಗಳು ಅದೇ ಊರಿನಲ್ಲಿ ಲಿಫ್ಟ್ ರಿಪೇರಿ ಮಾಡುವ ಒಬ್ಬನನ್ನು ಮೆಚ್ಚಿದ್ದಳು, ಮದುವೆ ನಿಶ್ಚಯವಾಗಿತ್ತು. ಹುಡುಗನ ಅಪ್ಪ ಬೇರೆ ದೇಶದಲ್ಲಿ ದಿಂಬಿನ ವ್ಯಾಪಾರಿ. ಆ ಅಪ್ಪ ನಾನೇ. ಕಥೆ ಬೂಟಕ್ಕನದಾದ್ದರಿಂದ ಇಲ್ಲಿ ನನ್ನನ್ನು ‘ಬೀಗ’ ಎಂದೇ ಕರೆಯುತ್ತೇನೆ. ಸ್ವಲ್ಪ ದೂರ ನಿಲ್ಲಿಸಿ ನೋಡಿದರೆ ಆ ಮನುಷ್ಯನ ಅಂದ ಇನ್ನೂ ಚೆನ್ನಾಗಿ ಕಾಣುತ್ತದೆ.

ಬೀಗ ಬರುವುದು ಬುಧವಾರವೆಂದು ಗೊತ್ತಾಗಿತ್ತು. ಸೋಮವಾರ ಸಂಜೆ ಬೂಟಕ್ಕ ಮಗಳನ್ನು ಕೇಳಿದಳು: ‘ನನ್ನ ಕೆಲಸ ಏನು ಅಂತ ಅವರಿಗೆ ಹೇಳಿದೀಯೇ?’

‘ವಿಮಾನ ನಿಲ್ದಾಣದಲ್ಲಿ ತಪಾಸಣೆ ವಿಭಾಗ ಅಂದಿದೀನಮ್ಮ. ಸುಳ್ಳೇನಲ್ವಲ್ಲ.’

ಮೂಲೆಯಿಂದ ಅತ್ತೆ ಬಾಯಿ ಹಾಕಿದರು: ‘ನಮ್ಮನೆ ಬೆಕ್ಕೂ ಮೀನು ಮಾರ್ಕೆಟ್ಟಲ್ಲಿ ತಪಾಸಣೆ ವಿಭಾಗದಲ್ಲೇ ಇದೆ ಬಿಡು.’

ಬೂಟಕ್ಕನಿಗೆ ನಗು ಬರಲಿಲ್ಲ. ಬೀಗನ ಒಂದು ವಿಷಯ ಭಾವೀ ಅಳಿಯನ ಬಾಯಿಂದಲೇ ಕಿವಿಗೆ ಬಿದ್ದಿತ್ತು. ದೊಡ್ಡ ಮಗನಿಗೆ ಒಪ್ಪಿದ್ದ ಸಂಬಂಧವನ್ನು, ಹೆಣ್ಣಿನ ಅಪ್ಪ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾನೆಂದು ತಿಳಿದ ದಿನವೇ ಅವನು ಮುರಿದು ಹಾಕಿದ್ದ. ಪಾತ್ರೆಗೇ ಹೀಗಾದರೆ ಬೂಟಿಗೆ? ಮದುವೆಯಾಗುವ ತನಕ ಬಾಯಿ ಮುಚ್ಚಿಕೊಂಡಿರೋಣ, ಆಮೇಲೆ ನೋಡಿಕೊಳ್ಳೋಣ ಎಂದು ಅವಳೂ ಸುಮ್ಮನಾದಳು. ಬುಧವಾರಕ್ಕೆ ರಜೆ ಬರೆದುಕೊಟ್ಟಳು.

ಬೀಗ ಮಂಗಳವಾರವೇ ಬಂದಿಳಿದ. ಒಂದು ದಿನ ಮುಂಚೆ ಹೊರಟರೆ ಟಿಕೆಟ್ ಅಗ್ಗ ಎಂದು ತಿಳಿದ ಮೇಲೆ ಯಾವ ವ್ಯಾಪಾರಿ ತಡೆದಾನು?

ಸಾಲು ನೋಡಿಕೊಳ್ಳುವವಳು ಅವನ ಬೂಟು ನೋಡಿ ‘ಈ ಕಡೆ ಸಾರ್’ ಎಂದು ತೊಟ್ಟಿಯತ್ತ ಕೈ ತೋರಿಸಿದಳು. ಬೂಟಕ್ಕ ಅವನ ಗಲ್ಲದ ಮೇಲಿನ ಮಚ್ಚೆ ನೋಡಿದಳು. ಮಗಳ ಫೋನಿನಲ್ಲಿ ನೋಡಿದ್ದ ಮಚ್ಚೆ. ಅವಳ ಮೊದಲ ಕೆಲಸ, ಮೂಗಿನ ಮೇಲಿನ ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡದ್ದು. ಉಜ್ಜಿ ಕಳಿಸಿಬಿಟ್ಟರೆ ಆಯಿತು, ನಾಳೆ ಸೀರೆಯಲ್ಲಿ ನೋಡಿದಾಗ ಗುರುತೇ ಸಿಗುವುದಿಲ್ಲ.

ಬೀಗನ ಪಾದ ಸಣ್ಣದು, ಅಳತೆಗೆ ಒಪ್ಪುವ ಚಪ್ಪಲಿ ಗುಲಾಬಿ ಬಣ್ಣದ ಒಂದೇ ಜೊತೆ. ಅದರಲ್ಲಿ ಕಾಲು ತೂರಿಸುತ್ತಾ ಅವನು ಹೇಳಿದ: ‘ಸ್ವಲ್ಪ ಬೇಗ ಆಗ್ಲಮ್ಮ. ನಮ್ಮ ಬೀಗಿತ್ತಿ ನಿಮ್ಮ ಇದೇ ಇಲಾಖೇಲಿ ದೊಡ್ಡ ಆಫೀಸರು, ಗೊತ್ತಾ?’

‘ಹೌದಾ ಸ್ವಾಮಿ?’

‘ಮತ್ತೆ! ಅವರ ಮನೆಗೇ ಹೊರಟಿರೋದು.’

ಬೂಟಕ್ಕ ತಲೆ ತಗ್ಗಿಸಿ ಅಟ್ಟೆ ತಿರುಗಿಸಿದಳು. ಗೆರೆಗಳ ನಡುವೆ ಕೆಂಪು ಮಣ್ಣು, ಮಣ್ಣಿಗೆ ಅಂಟಿದ ಬೆಳ್ಳಗಿನ ಎಳೆ, ಎಳೆಯೊಳಗೆ ಮೆಣಸಿನ ಕಾಳಿನಷ್ಟು ಒಂದು ಕಪ್ಪು ಬೀಜ. ಬೂರುಗದ ಮರದ ಕೆಳಗೆ ನಿಂತು ಬಂದ ಬೂಟು. ಬೀಗನ ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಎರಡು ದಿಂಬು, ಕಸೂತಿ ಹಾಕಿದ ಗವಸು. ಕೈಯಲ್ಲಿ ಹಳದಿ ಕಾರ್ಡು, ಮೇಲಿನಿಂದ ಕೆಳಗಿನವರೆಗೆ ಇಲ್ಲ, ಇಲ್ಲ, ಇಲ್ಲ. ಸರ್ಕಾರಿ ಕಾಗದ ಕಂಡರೆ ವ್ಯಾಪಾರಿಯ ಕೈ ಪ್ರಶ್ನೆ ಓದುವ ಮೊದಲೇ ಇಲ್ಲ ಎಂದುಬಿಡುತ್ತದೆ. ಅದು ಸುಳ್ಳಲ್ಲ, ಅಭ್ಯಾಸ.

‘ದಿಂಬು ಇಲ್ಲಿ ಒಣಗಿದ ಕಡೆ ಇಡಿ ಸ್ವಾಮಿ, ನೀರು ಹಾರತ್ತೆ,’ ಎಂದು ಅವಳು ಕೈಗೆ ತೆಗೆದುಕೊಂಡಳು. ತೂಕ ಜಾಸ್ತಿ ಅನ್ನಿಸಿತು. ಒತ್ತಿದಳು. ಒಳಗೆ ಕರಕರ ಎಂದಿತು.

‘ಇದರೊಳಗೆ ಬೀಜ ಇದೆ.’

‘ಬೀಜಾನಾ? ಶುದ್ಧ ಬೂರುಗದ ಹತ್ತಿ ಕಣಮ್ಮ. ಕೈಯಲ್ಲಿ ಬಿಡಿಸಿದ್ದು. ಗಾಳಿ ಇದ್ದ ಹಾಗೆ.’

‘ಗಾಳಿ ಇಷ್ಟು ತೂಗತ್ತಾ?’

ಇಲ್ಲಿ ಅಂಗಡಿಯ ಗುಟ್ಟೊಂದನ್ನು ಬಿಡಬೇಕು. ಬೀಗನ ಅಂಗಡಿಯಲ್ಲಿ ದಿಂಬು ಮಾರುವುದು ತೂಕಕ್ಕೆ. ಹತ್ತಿಯಿಂದ ಬೀಜವನ್ನು ಪೂರ್ತಿ ತೆಗೆದರೆ ತೂಕ ಹೋಗುತ್ತದೆ, ಕೂಲಿಯೂ ಹೆಚ್ಚು. ಹಾಗಾಗಿ ಒಂದು ಪಾಲು ಒಳಗೇ ಉಳಿಯುವ ಪದ್ಧತಿ. ಮೂವತ್ತೈದು ವರ್ಷದಲ್ಲಿ ಒಬ್ಬ ಗಿರಾಕಿಯೂ ಕೇಳಿರಲಿಲ್ಲ. ಮಗನ ಮದುವೆಗೆಂದು ಹೊಲಿಸಿದ ದಿಂಬಿಗೂ ಕೈ ಅದೇ ಅಳತೆಯಲ್ಲಿ ತುಂಬಿಬಿಟ್ಟಿತ್ತು.

ಬೀಗ ದಿಂಬು ಕಿತ್ತುಕೊಂಡ. ‘ನಿಂಗ್ಯಾಕಮ್ಮ? ನೀನು ಕಾಲಿಂದು ನೋಡ್ಕೊ, ತಲೇದು ನಾನು ನೋಡ್ಕೋತೀನಿ.’

ಮುಂದೆ ಇಬ್ಬರೇ ಇದ್ದರು. ಮೇಜಿನ ಪಕ್ಕದ ಯಂತ್ರ ದಿಂಬಿನ ಹೊಟ್ಟೆಯ ಪ್ರತಿ ಕಾಳನ್ನೂ ಎಣಿಸಿ ತೋರಿಸುತ್ತದೆ ಎಂದು ಅವಳಿಗೆ ಗೊತ್ತು. ಸುಮ್ಮನಿದ್ದರೆ ಬೀಗನ ಹೆಸರು ಪಟ್ಟಿಗೆ, ಮದುವೆಯ ಮನೆಗೆ ಹೊರಟವನು ಪೊಲೀಸ್ ಕೋಣೆಗೆ. ಬೂಟು ತೊಳೆಯುವವಳಾಗಿ ಹೇಳಿದರೆ ಕೇಳುವ ಆಸಾಮಿಯಲ್ಲ. ಬೀಗಿತ್ತಿಯಾಗಿ ಹೇಳಿದರೆ ಕೇಳಿಯಾನು, ಆದರೆ ಆ ಮಾತಿನ ಜೊತೆಗೇ ಮಗಳ ಮದುವೆಯೂ ತೊಟ್ಟಿಗೆ ಬೀಳಬಹುದು. ಅವಳ ಕೈಯಲ್ಲಿ ಬ್ರಷ್ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಅದು ಅರ್ಧ ಬೂಟಿಗೆ ನಿಂತದ್ದು ಅದೊಂದೇ ಸಲವಂತೆ. ಆಮೇಲೆ ಅವಳೇ ಹೇಳಿದಳು.

ಅವಳು ಮಾಸ್ಕ್ ಕೆಳಗೆ ಎಳೆದಳು.

‘ಬೀಗರೇ, ನಾನೇ ನಿಮ್ಮ ಬೀಗಿತ್ತಿ. ಆಫೀಸರ್ ಅಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ತೊಟ್ಟಿ, ಇದೇ ಬ್ರಷ್. ಮೊದಲೇ ಹೇಳ್ಬೇಕಿತ್ತು, ಮುಚ್ಚಿಟ್ವಿ, ತಪ್ಪು ನಮ್ದು. ಈಗ ಹೇಳಿದ್ದಾಯ್ತು. ನಿಮ್ಮ ಕಾರ್ಡೂ ತಿದ್ದಿ.’ ಪೆನ್ನು ಮುಂದೆ ಚಾಚಿದಳು.

ಬೀಗ ಗುಲಾಬಿ ಚಪ್ಪಲಿಯಲ್ಲಿ ನಿಂತೇ ಇದ್ದ. ಬಾಯಿಗೆ ಬಂದದ್ದು ಇಷ್ಟೇ: ‘ಆಮೇಲೆ ಮಾತಾಡೋಣ.’

‘ಆಮೇಲೆ ಸಂಬಂಧ ಬೇಡ ಅನ್ನೋದಾದ್ರೆ ಅನ್ನಿ, ಅದು ನಿಮ್ಮಿಷ್ಟ. ಈ ಚೌಕಕ್ಕೆ ಮಾತ್ರ ಇಲ್ಲ ಅನ್ಬೇಡಿ. ನಮ್ಮ ಹುಡುಗಿ ಮಾವ ಕಳ್ಳರ ಪಟ್ಟೀಲಿರೋದು ನಂಗೆ ಬೇಡ.’

ಮೇಜಿನಿಂದ ಗಡ್ಡದ ಸಾಹೇಬ ಕೂಗಿದ: ‘ಬೂಟಕ್ಕಾ, ಮತ್ತೆ ಕಾರ್ಡ್ ತೊಳೀತಿದೀಯಾ?’

‘ಇಲ್ಲ ಸಾಹೇಬ್ರೇ,’ ಎಂದವಳು ಅಲ್ಲೇ ತಿದ್ದಿಕೊಂಡು, ‘ಹೌದು ಸಾಹೇಬ್ರೇ. ನಮ್ಮ ಬೀಗರು,’ ಎಂದಳು.

ಬೀಗ ಪೆನ್ನು ತೆಗೆದುಕೊಂಡ. ಬೀಜಕ್ಕೆ ಹೌದು. ತೋಟಕ್ಕೆ ಹೌದು. ಅಭ್ಯಾಸವಿಲ್ಲದ ಕೈ, ಗೆರೆ ಚೌಕದಿಂದ ಹೊರಗೆ ಹೋಯಿತು.

ಸಾಹೇಬ ದಿಂಬಿನ ಹೊಲಿಗೆ ಬಿಚ್ಚಿದ. ಹತ್ತಿ ಹಾರಿ ಅವನ ಗಡ್ಡವೆಲ್ಲ ನೆರೆಯಿತು. ಗವಸು ತಲೆಕೆಳಗು ಮಾಡಿದಾಗ ಕಪ್ಪು ಬೀಜ ಮೇಜಿನ ತುಂಬ ಉರುಳಿದವು, ಅವುಗಳ ನಡುವಿನಿಂದ ಒಂದು ಪುಟ್ಟ ಮೂತಿಹುಳ ಎದ್ದು, ತಾನೂ ಕಾರ್ಡು ತುಂಬಬೇಕೇನೋ ಎಂಬಂತೆ ಅತ್ತಿತ್ತ ನೋಡಿತು. ‘ಇದು ದಿಂಬಾ, ಬಿತ್ತನೆ ಮೂಟೇನಾ?’ ಎಂದು ಸಾಹೇಬ ಕೇಳಿದ. ಸಾಲಿನಲ್ಲಿದ್ದವರು ನಕ್ಕರು. ಬೂಟಕ್ಕ ನಗಲಿಲ್ಲ, ಉಳಿದರ್ಧ ಬೂಟು ಉಜ್ಜುತ್ತಿದ್ದಳು. ಹೌದು ಎಂದು ಬರೆದಿದ್ದರಿಂದ ದಂಡವಿಲ್ಲ. ಹತ್ತಿ, ಬೀಜ, ಹುಳ ಬೆಂಕಿಗೆ ಹೋದವು. ಗವಸಿನ ಕಸೂತಿ ಬೀಗನ ತೀರಿಕೊಂಡ ಹೆಂಡತಿ ಹಾಕಿದ್ದು ಎಂದು ತಿಳಿದು, ಸಾಹೇಬ ಅವೆರಡನ್ನೂ ಬಿಸಿ ಹಬೆ ಹಿಡಿಸಿ ವಾಪಸ್ಸು ಕೊಡಿಸಿದ. ಬೂಟಿನ ದಾರವೂ ಬೆಳ್ಳಗೆ ತೊಳೆದಾಗಿತ್ತು.

ನಾಲ್ಕು ಗಂಟೆಗೆ ಬೂಟಕ್ಕ ಕೆಲಸ ಮುಗಿಸಿ ಹೊರಬಂದಾಗ ಬೀಗ ಬೆಂಚಿನ ಮೇಲೆ ಕುಳಿತಿದ್ದ. ಕುಳಿತು ಎರಡೂವರೆ ಗಂಟೆಯಾಗಿತ್ತು.

‘ಮನೆ ದಾರಿ ಗೊತ್ತಿರಲಿಲ್ಲ,’ ಎಂದ. ಮಗ ನಕ್ಷೆ ಬರೆದು ಕಳಿಸಿದ ಕಾಗದ ಅವನ ಅಂಗಿ ಜೇಬಿನಿಂದ ಇಣುಕುತ್ತಿತ್ತು. ಬೂಟಕ್ಕ ಅದನ್ನು ನೋಡಿಯೂ ನೋಡದವಳಂತೆ, ‘ಬನ್ನಿ, ಬಸ್ಸು ಆ ಕಡೆ,’ ಎಂದಳು.

ಬಸ್ಸಿನಿಂದ ಇಳಿಯುವಾಗ ಬೀಗ ಕೇಳಿದ: ‘ಹಳೇ ಬಟ್ಟೆ ಇದೆಯಾ ಮನೇಲಿ? ಗವಸು ಖಾಲಿ ಇದೆ.’

ಸವೆದುಹೋದ ಏಪ್ರನ್‌ಗಳು ಒಂದು ಗಂಟು ಇದ್ದವು, ಒಗೆದು ಮಡಿಸಿಟ್ಟವು. ಮಗಳು ಕತ್ತರಿಸಿದಳು, ಬೂಟಕ್ಕ ಹಿಂಜಿದಳು, ಬೀಗ ನೆಲದ ಮೇಲೆ ಕುಳಿತು ಮೂಲೆ ಮೂಲೆಗೂ ಸರಿಯಾಗಿ ತುಂಬಿ ಹೊಲಿದ. ಅತ್ತೆ ದಿಂಬನ್ನು ತೊಡೆಯ ಮೇಲಿಟ್ಟು ಗುದ್ದಿ ನೋಡಿ, ‘ಈಗ ಕರಕರ ಅನ್ನಲ್ಲ ಬಿಡಿ,’ ಎಂದರು. ಮುಂದಿನ ವಾರ ಮದುವೆಯಾಯಿತು.

ಊರಿಗೆ ಮರಳಿದ ಮೇಲೆ ನಾನು ಪಾತ್ರೆ ತೊಳೆಯುವವರ ಮನೆಗೂ ಹೋಗಿ ಬಾಗಿಲು ತಟ್ಟಿದೆ. ಆ ಹುಡುಗಿಗೆ ಎಂದೋ ಬೇರೆ ಕಡೆ ಮದುವೆಯಾಗಿ ಇಬ್ಬರು ಮಕ್ಕಳು. ಆ ಕಾರ್ಡು ಕೈ ದಾಟಿ ಹೋಗಿತ್ತು. ಈಗ ನನ್ನ ಅಂಗಡಿಯಲ್ಲಿ ಬೀಜ ತೆಗೆದೇ ದಿಂಬು ತುಂಬುತ್ತಾರೆ. ತೂಕ ಕಡಿಮೆ, ಗೊಣಗಾಟ ಜಾಸ್ತಿ.

ನನ್ನ ಹೆಸರು ಯಾವ ಪಟ್ಟಿಗೂ ಸೇರಲಿಲ್ಲ. ಕಿರಿಯ ಮಗನ ಸಂಸಾರ ಚೆನ್ನಾಗಿದೆ. ಎರಡೂ ಬೂಟಕ್ಕನಿಂದ.